ಕಾರಿಗೆ ಹೊಲಿದ ಕೆಂಪು ಕೋಟು

"ಸಂಜೆಯೊಳಗೆ ಈ ಕಾರಿನಲ್ಲಿ ನಿನ್ನ ಮುಖ ಕಾಣದಿದ್ದರೆ, ನನ್ನನ್ನು ಯಾರೂ ಮಾಸ್ಟರ್ ಅಂತ ಕರೆಯೋದು ಬೇಡ!"

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಸ್ಪಂಜು ಹಿಡಿದು ನಾನು ಗೈದ ಘೋರ ಪ್ರತಿಜ್ಞೆ ಇದು. ಕೇಳಿಸಿಕೊಂಡವರು ಇಬ್ಬರು, ಕಾರು ಮತ್ತು ನನ್ನ ಹೆಂಡತಿ. ಕಾರು ಸುಮ್ಮನಿತ್ತು.

"ಮುಖ ನೋಡ್ಕೊಳ್ಳೋಕೆ ಮನೇಲಿ ಕನ್ನಡಿ ಇದೆ" ಎಂದಳು ಹೆಂಡತಿ. "ಅಣ್ಣ ಸಂಜೆ ಬರ್ತಾನೆ. ಸುಮ್ನೆ ವಾಶಿಂಗ್ ಸೆಂಟರಿಗೆ ಕೊಟ್ಬಿಡೋಣ ರೀ."

"ಮೂವತ್ತು ವರ್ಷದಿಂದ ಊರಿನವರ ಮೈಮೇಲಿನ ಬಟ್ಟೆ ಹೊಲಿದು ಇಸ್ತ್ರಿ ಮಾಡಿ ಹೊಳೆಸಿದವನಿಗೆ ತಗಡು ಹೊಳೆಸೋಕೆ ಬರಲ್ವಾ?"

"ಬಟ್ಟೆ ಕೆಟ್ಟರೆ ಗಿರಾಕಿ ಬೈತಾನೆ, ಹೋಗ್ತಾನೆ. ಇದು ಕೆಟ್ಟರೆ ನಾನು ಮತ್ತೆ ಎರಡು ಬಸ್ಸು ಬದಲಾಯಿಸ್ಬೇಕು."

ಈ ಮಾತಿನ ಹಿಂದೆ ಒಂದು ಕಥೆಯಿದೆ. ಅವಳು ಕೆಲಸ ಮಾಡುವ ಶಾಲೆ ಊರಿನ ಆ ತುದಿಯಲ್ಲಿದೆ. ವರ್ಷಗಟ್ಟಲೆ ಅವಳು ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಪಾಠ ಮಾಡಿ, ಹಿಂಡಿದ ಬಟ್ಟೆಯಂತೆ ಮನೆಗೆ ಬರುತ್ತಿದ್ದಳು. ಅದನ್ನು ನೋಡಲಾರದೆ ಅವಳ ಅಣ್ಣ ತನ್ನ ಕಡುನೀಲಿ ಕಾರನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಕೀಲಿ ಕೊಡುವಾಗ ಒಂದು ಮಾತನ್ನೂ ಕೊಟ್ಟರು. "ಆರು ತಿಂಗಳು ಬಿಟ್ಟು ಬಂದು ನೋಡ್ತೀನಿ. ಚೆನ್ನಾಗಿ ಇಟ್ಕೊಂಡಿದ್ರೆ ನಿನ್ನ ಹೆಸರಿಗೇ ಮಾಡಿಸಿಕೊಡ್ತೀನಿ. ಒಂದು ಗೀರು ಕಂಡರೂ ವಾಪಸ್ ತಗೊಂಡು ಹೋಗ್ತೀನಿ!"

ಬೇರೆ ಯಾರಾದರೂ ಹೀಗೆಂದಿದ್ದರೆ ನಕ್ಕುಬಿಡಬಹುದಿತ್ತು. ಆದರೆ ನಮ್ಮ ಭಾವನ ಉದ್ಯೋಗವೇ ಗೀರು ಹುಡುಕುವುದು! ವಿಮಾ ಕಂಪನಿಯ ಪರವಾಗಿ, ಗುದ್ದಿಸಿಕೊಂಡ ಗಾಡಿಗಳ ನಷ್ಟ ಅಳೆಯುವವರು ಅವರು. ಜೇಬಿನಲ್ಲಿ ಸದಾ ಒಂದು ಟಾರ್ಚು. ನಮ್ಮ ಮನೆಗೆ ಬಂದರೂ ಮೊದಲು ಫ್ರಿಜ್ಜಿನ ಬಾಗಿಲ ಮೇಲಿನ ತಗ್ಗಿಗೆ ಬೆಳಕು ಬಿಟ್ಟು, "ಇದು ಎಡಗಡೆಯಿಂದ ಬಿದ್ದ ಪೆಟ್ಟು" ಎಂದು ತೀರ್ಪು ಕೊಟ್ಟ ಮೇಲೆಯೇ ನನ್ನ ಆರೋಗ್ಯ ವಿಚಾರಿಸುತ್ತಾರೆ.

ಆ ಆರು ತಿಂಗಳು ಇವತ್ತಿಗೆ ಮುಗಿದಿತ್ತು. ಇಂಥವರ ಕಣ್ಣು ಕುಕ್ಕುವಂತೆ ಕಾರನ್ನು ಹೊಳೆಸಬೇಕು, ಹೆಂಡತಿಯ ಹೆಸರಿಗೆ ಅದು ಇವತ್ತೇ ಆಗಬೇಕು. ಇದೇ ನನ್ನ ಸಂಕಲ್ಪ.

ತೊಳೆಯುವ ಪರ್ವ ನಿರ್ವಿಘ್ನವಾಗಿ ಮುಗಿಯಿತು. ಕಾರು ಅರ್ಧ ನೆನೆಯಿತು, ನಾನು ಪೂರ್ತಿ ನೆನೆದೆ. ಪಾಲಿಶ್ ಪರ್ವವೂ ಮುಗಿಯಿತು. ಕಾರು ನಿಜವಾಗಿಯೂ ಹೊಳೆಯತೊಡಗಿತ್ತು! ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಅಂಗಡಿಯವನು ಪಾಲಿಶಿನ ಜೊತೆಗೆ ಮೇಣದ ಡಬ್ಬಿಯೊಂದನ್ನೂ ಕೊಟ್ಟಿದ್ದ. ಬಣ್ಣದ ರಕ್ಷಣೆಗೆ ಅದನ್ನು ಹಚ್ಚಬೇಕಂತೆ. ತೆಳುವಾಗಿ ಸವರಿ, ಒಣಗಿದ ಮೇಲೆ ಚೆನ್ನಾಗಿ ಒರೆಸಿ ತೆಗೆಯಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು.

ನನಗೆ ನಗು ಬಂತು. ದರ್ಜಿಗೆ ಮೇಣದ ಪಾಠವೇ? ಗುಂಡಿ ಹೊಲಿಯುವ ದಾರಕ್ಕೆ ದಿನಾ ಮೇಣ ತಿಕ್ಕುವವನು ನಾನು. ದಾರಕ್ಕೆ ಹಚ್ಚಿದ ಮೇಣವನ್ನು ಯಾರಾದರೂ ಒರೆಸಿ ತೆಗೆಯುತ್ತಾರೆಯೇ? ತೆಗೆಯುವುದಾದರೆ ಹಚ್ಚುವುದೇಕೆ? ಡಬ್ಬಿಯವನಿಗೆ ಅನುಭವ ಸಾಲದು ಎಂದು ತೀರ್ಮಾನಿಸಿ, ಧಾರಾಳವಾಗಿ ಒಂದು ಸುತ್ತು ಬಳಿದೆ. ಅದು ಒಣಗಿದ ಮೇಲೆ ಇನ್ನೊಂದು ಸುತ್ತು. ಡಬ್ಬಿಯ ತಳದಲ್ಲಿ ಉಳಿದದ್ದನ್ನು ಯಾಕೆ ಹಾಳು ಮಾಡುವುದೆಂದು ಮತ್ತೂ ಒಂದು ಸುತ್ತು.

ಹೆಂಡತಿ ಬಾಗಿಲಿಗೆ ಬಂದು ಬೆಚ್ಚಿಬಿದ್ದಳು. "ಇದೇನ್ರೀ, ಕಾರಿಗೆ ಮೊಸರು ಬಳಿದಿದ್ದೀರಾ?"

"ಮೇಣ ಕಣೇ. ಒಳಗೆ ಇಳೀಬೇಕು."

"ತಗಡಿನೊಳಗೆ ಹೇಗ್ರೀ ಇಳಿಯತ್ತೆ?"

"ನಿಧಾನಕ್ಕೆ ಇಳಿಯತ್ತೆ!"

ಈ ಉತ್ತರ ನನಗೇ ಅಷ್ಟು ಸಮಾಧಾನ ತರಲಿಲ್ಲ. ಆದರೂ ಅವಳು ಒಳಗೆ ಹೋದಳು. ಅವಳು ಅಲ್ಲೇ ನಿಂತಿದ್ದರೆ ನನಗೆ ಆ ಮಹಾ ಯೋಚನೆ ಹೊಳೆಯುತ್ತಲೇ ಇರಲಿಲ್ಲವೇನೋ.

ಅಂಗಳದ ಮರದ ಹಕ್ಕಿಗಳಿಗೆ ನಮ್ಮ ಕಾರಿನ ಮೇಲೆ ವಿಪರೀತ ಪ್ರೀತಿ. ಆ ಪ್ರೀತಿಯ ಗುರುತುಗಳನ್ನು ಬೆಳಿಗ್ಗೆ ತಾನೇ ಉಜ್ಜಿ ಉಜ್ಜಿ ತೆಗೆದಿದ್ದೆ. ಕಾರಿಗೊಂದು ಹೊದಿಕೆ ಬೇಕು. ಎಲ್ಲರೂ ಅಂಗಡಿಯಿಂದ ತಂದು ಹೊದಿಸುತ್ತಾರೆ, ಅಜ್ಜನ ಮೇಲೆ ಕಂಬಳಿ ಎಸೆದ ಹಾಗೆ. ದರ್ಜಿಯ ಮನೆಯ ಕಾರಿಗೆ ಅಂಥ ಗತಿಯೇ? ಮೈಗೆ ಸರಿಯಾಗಿ ಕೂರುವಂತೆ ಅಳತೆ ತೆಗೆದು ಹೊಲಿಯಬೇಕು!

ಬಟ್ಟೆಯೂ ಇತ್ತು. ಒಂದು ಬ್ಯಾಂಡ್ ತಂಡದವರು ಸಮವಸ್ತ್ರಕ್ಕೆಂದು ತಾನುಗಟ್ಟಲೆ ಕೆಂಪು ಬಟ್ಟೆ, ಬಂಗಾರದ ಬಣ್ಣದ ಅಂಚುಪಟ್ಟಿ ತಂದುಕೊಟ್ಟು ಹೋಗಿದ್ದರು. ಆಮೇಲೆ ಅವರೊಳಗೇ ಅಪಸ್ವರ ಎದ್ದು ತಂಡ ಒಡೆಯಿತು. ಬಟ್ಟೆ ನೀವೇ ಇಟ್ಕೊಳ್ಳಿ ಎಂದುಬಿಟ್ಟರು. ಅಷ್ಟು ಬಟ್ಟೆಯನ್ನು ಯಾವ ಮನುಷ್ಯ ತೊಟ್ಟಾನು?

ಅಳತೆಪಟ್ಟಿ ಹೆಗಲೇರಿತು. ಬಾನೆಟ್ಟಿನ ಹತ್ತಿರ ಎದೆ, ಬಾಗಿಲುಗಳ ಹತ್ತಿರ ಸೊಂಟ, ಡಿಕ್ಕಿಯ ಹತ್ತಿರ... ಅದನ್ನೂ ಅಳೆದೆ. ಪಕ್ಕದ ಕನ್ನಡಿಗಳಿಗೆ ಎರಡು ಗಿಡ್ಡ ತೋಳು ಇಟ್ಟೆ. ಅಭ್ಯಾಸಬಲದಿಂದ ಎಡ ಎದೆಯ ಮೇಲೆ ಒಂದು ಜೇಬನ್ನೂ ಇಟ್ಟೆ!

"ಜೇಬು ಯಾಕ್ರೀ?" ಎಂದಳು ಹೆಂಡತಿ.

"ಇರಲಿ, ಪೆಟ್ರೋಲ್ ಚೀಟಿ ಇಟ್ಕೊಳ್ಳುತ್ತೆ."

ಹೊಲಿಗೆ ಗೊತ್ತಿಲ್ಲದವರಿಗಾಗಿ ಒಂದು ಮಾತು. ಬಟ್ಟೆ ಮೈಗೆ ಬಿಗಿಯಾಗಿ ಕೂರಬೇಕಾದರೆ ಅದನ್ನು ಒಳಮೈ ಹೊರಗಾಗಿಸಿ ಹಾಕಿ, ಸಡಿಲವಿದ್ದ ಕಡೆಯಲ್ಲೆಲ್ಲ ಗುಂಡುಪಿನ್ನು ಚುಚ್ಚಬೇಕು. ಆಮೇಲೆ ಹುಷಾರಾಗಿ ತೆಗೆದು, ಪಿನ್ನಿನ ಗುರುತಿನ ಮೇಲೆ ಹೊಲಿದು, ಪಿನ್ನುಗಳನ್ನೆಲ್ಲ ಕಿತ್ತು, ಕೊನೆಗೆ ಬಟ್ಟೆಯನ್ನು ಸರಿಮೈಗೆ ತಿರುಗಿಸಬೇಕು. ನನ್ನ ಬಳಿ ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಹೇಳುವ ಪಾಠವಿದು. ಪಿನ್ನು ಮರೆತವನು ದರ್ಜಿಯಲ್ಲ, ವೈರಿ!

ನಾನು ಚುಚ್ಚಿದೆ, ತೆಗೆದೆ, ಹೊಲಿದೆ. ಅಷ್ಟರಲ್ಲಿ ಫೋನು ಬಂತು. "ಮಾಸ್ಟರ್ರೇ, ಹೊರಟಿದ್ದೀನಿ. ಇನ್ನೇನು ಬಂದುಬಿಟ್ಟೆ" ಎಂದರು ಭಾವ. ನಾನು ಗಡಬಡಿಸಿ ಎದ್ದು, ಕೋಟನ್ನು ಸರಿಮೈಗೆ ತಿರುಗಿಸಿ, ಓಡಿಹೋಗಿ ಕಾರಿನ ಬಾನೆಟ್ಟಿನಿಂದ ಹಿಂದಕ್ಕೆ ಒಂದೇ ಸಲ ಜಗ್ಗಿ ಎಳೆದೆ.

ಸರ್‌ರ್‌ರ್‌ರ್!

ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು. ಕೋಟಿನ ಅಂಚೆತ್ತಿ ಇಣುಕಿದೆ. ಒಳಗಡೆ ಪಿನ್ನುಗಳು ಸಾಲಾಗಿ ನಿಂತು ನಗುತ್ತಿದ್ದವು! ಬಾನೆಟ್ಟಿನಿಂದ ಹಿಂದಿನ ಬಾಗಿಲಿನವರೆಗೆ ಉದ್ದುದ್ದ ನೀಲಿ ಗೀರುಗಳು. ಒಂದು ಗೀರು ಕಂಡರೂ ಕಾರು ವಾಪಸ್ ಎಂದಿದ್ದರು ಭಾವ. ಇಲ್ಲಿ ನೋಡಿದರೆ ಹೊಲ ಉತ್ತ ಹಾಗಿದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ!

"ಏನ್ರೀ ಅದು ಸದ್ದು?" ಒಳಗಿನಿಂದ ದನಿ ಬಂತು.

"ಬಟ್ಟೆ... ಹೊಸ ಬಟ್ಟೆ ಕಣೇ. ಮಾತಾಡ್ತಿದೆ!"

ಅವಳು ಬಂದಳು. ಅಂಚೆತ್ತಿ ನೋಡಿದಳು. ನಾನು ಬೈಗುಳಕ್ಕೆ ಬೆನ್ನೊಡ್ಡಿ ನಿಂತೆ. ಆದರೆ ಅವಳು ಬೈಯಲಿಲ್ಲ. ಮೆಲ್ಲಗೆ ಮೆಟ್ಟಿಲ ಮೇಲೆ ಕೂತು, "ನಾಳೆಯಿಂದ ಮೊದಲ ಬಸ್ಸಿಗೆ ಹೋಗ್ಬೇಕಲ್ವಾ? ಅಲಾರಾಂ ಬೇಗ ಇಡ್ಬೇಕು" ಎಂದಳು, ಅಷ್ಟೇ. ನಿಜ ಹೇಳುತ್ತೇನೆ, ಆಗ ನನಗೆ ಅಳು ಬಂತು. ಅವಳು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಗೀರನ್ನು ಮುಟ್ಟಿ ನೋಡುವ ಧೈರ್ಯ ನನಗಿರಲಿಲ್ಲ. ಇದ್ದದ್ದು ಸೂಜಿ, ದಾರ ಮಾತ್ರ. ಪಿನ್ನುಗಳನ್ನು ಕಿತ್ತುಹಾಕಿ, ಕಾರಿನ ಹೊಟ್ಟೆಯಡಿ ಮಲಗಿಕೊಂಡು ಕೋಟಿನ ಆ ಅಂಚನ್ನೂ ಈ ಅಂಚನ್ನೂ ಜೋಡಿಸಿ ಬಿಗಿಯಾಗಿ ಹೊಲಿದುಬಿಟ್ಟೆ. ಕೋಟು ಬಿಚ್ಚಲಾಗದಿದ್ದರೆ ಗೀರು ಕಾಣುವುದೆಲ್ಲಿ? ಭಾವ ಕೋಟನ್ನು ನೋಡಲಿ, ಹೊಗಳಲಿ, ಹೊರಡಲಿ!

ಭಾವ ಬಂದರು. ಅಂಗಳದಲ್ಲಿ ಕೆಂಪು ಕೋಟು, ಬಂಗಾರದ ಅಂಚು, ಗಿಡ್ಡ ತೋಳು ತೊಟ್ಟು ನಿಂತಿದ್ದ ಬ್ಯಾಂಡ್ ಮಾಸ್ಟರನನ್ನು ನೋಡಿ ಅವರು ಗೇಟಿನಲ್ಲೇ ನಿಂತುಬಿಟ್ಟರು.

"ಇದರೊಳಗೆ ಇರೋದು ನನ್ನ ಕಾರೇನಾ?"

"ಹೌದು ಭಾವ. ಹೊದಿಕೆ. ಬನ್ನಿ, ಒಳಗೆ ಬನ್ನಿ, ಕಾಫಿ ಆರಿಹೋಗುತ್ತೆ."

ಕಾಫಿಗೆ ಇನ್ನೂ ನೀರೇ ಇಟ್ಟಿರಲಿಲ್ಲ. ಭಾವ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಜೇಬಿನೊಳಗೆ ಬೆರಳಿಟ್ಟು ನೋಡಿದರು. ನನ್ನ ಜೇಬಲ್ಲ, ಕಾರಿನದು!

"ಬಿಚ್ಚಿ, ನೋಡೋಣ."

"ಬಿಚ್ಚೋದಾ? ಇವತ್ತು ಬೇಡ ಭಾವ. ಮೇಣ ಒಳಗೆ ಇಳೀತಾ ಇದೆ."

"ಎಲ್ಲಿಗೆ?"

"ಒಳಗೆ."

ಟಾರ್ಚು ಹೊರಬಂತು. ಆದರೆ ಅದು ಕಾರಿನ ಕಡೆ ಹೊರಳಲಿಲ್ಲ, ನೇರವಾಗಿ ನನ್ನ ಮುಖದ ಮೇಲೆ ಬಿತ್ತು. "ಗಾಡಿ ಗುದ್ದಿಸಿದವರು ಎಲ್ಲರೂ ನನ್ನ ಹತ್ರ ಹೀಗೇ ಮಾತಾಡೋದು" ಎಂದರು ಭಾವ.

ಆಗ ಹೆಂಡತಿ ಒಳಗಿನಿಂದ ನನ್ನ ದೊಡ್ಡ ಕತ್ತರಿ ಹಿಡಿದು ಬಂದಳು. ಒಂದು ಕ್ಷಣ ನಾನು ನನ್ನ ಕತ್ತನ್ನು ಮುಟ್ಟಿಕೊಂಡೆ. ಅವಳು ಬಗ್ಗಿ, ನನ್ನ ಹೊಲಿಗೆಯನ್ನು ಕಚಕಚನೆ ಕತ್ತರಿಸಿ, "ನೋಡ್ಬಿಡು ಅಣ್ಣ. ಮುಚ್ಚಿಟ್ಟು ನಾನು ಓಡಿಸಲ್ಲ" ಎಂದು ಕೋಟನ್ನು ಎಳೆದಳು. ಅದು ಮೇಣಕ್ಕೆ ಅಂಟಿಕೊಂಡು ಪರಪರನೆ ಎದ್ದುಬಂತು. ಮೇಣದಿಂದ ಬೆಳ್ಳಗಾಗಿದ್ದ ಕಾರಿನ ಮೈಗೆ ಅಲ್ಲಲ್ಲಿ ಕೆಂಪು ನೂಲು ಮೆತ್ತಿಕೊಂಡಿತ್ತು, ಅದರ ನಡುವೆ ಗೀರುಗಳ ಮೆರವಣಿಗೆ.

ಭಾವ ಟಾರ್ಚು ಹಿಡಿದು ಬಾನೆಟ್ಟಿನ ಮೇಲೆ ಬಗ್ಗಿದರು. ಹೆಬ್ಬೆರಳಿನಿಂದ ಒಂದು ಗೀರಿನ ಮೇಲೆ ಒತ್ತಿ ಎಳೆದರು. ಬೆರಳನ್ನು ಬೆಳಕಿಗೆ ಹಿಡಿದರು. ಬೆರಳ ತುದಿಯಲ್ಲಿ ಬಿಳಿ ಮುದ್ದೆ!

"ಮಾಸ್ಟರ್ರೇ, ಎಷ್ಟು ಮೇಣ ಬಳಿದಿದ್ದೀರಿ?"

"ಡಬ್ಬಿ... ಪೂರ್ತಿ."

"ಒರೆಸಲಿಲ್ವಾ?"

"ಇಲ್ಲ."

ಅವರು ಕರವಸ್ತ್ರ ತೆಗೆದು ಬಲವಾಗಿ ಉಜ್ಜಿದರು. ಮೇಣ ಹೋಯಿತು. ಮೇಣದ ಜೊತೆ ಗೀರೂ ಹೋಯಿತು! ಅಡಿಯಲ್ಲಿ ಕಡುನೀಲಿ ಬಣ್ಣ ಆಗ ತಾನೇ ಹುಟ್ಟಿದ ಹಾಗೆ ಫಳಫಳ ಹೊಳೆಯಿತು. ಅದರಲ್ಲಿ ಭಾವನ ಮುಖವೂ ಹೆಂಡತಿಯ ಮುಖವೂ ಕಂಡವು.

"ಪಿನ್ನು ಬಣ್ಣದ ತನಕ ಇಳಿದೇ ಇಲ್ಲ. ಮೇಣ ಅಷ್ಟು ದಪ್ಪ ಇದೆ" ಎಂದರು ಭಾವ.

ಹೋದ ಜೀವ ಬಂತು ಎನ್ನುತ್ತಾರಲ್ಲ, ಬಂದೇಬಂತು! ನನ್ನ ಒಂದು ತಪ್ಪು ಇನ್ನೊಂದು ತಪ್ಪಿಗೆ ಅಡ್ಡ ನಿಂತು ಮಾನ ಕಾಪಾಡಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗಿನಿಂದ ಬಾಗಿಲು ಒರೆಸತೊಡಗಿದಳು. ನಾವು ಮೂವರೂ ಸೇರಿ ಉಜ್ಜಿದೆವು. ಉಜ್ಜಿದಷ್ಟೂ ಮೇಣ ಬರುತ್ತಲೇ ಇತ್ತು. ತೋಳು ಬಿದ್ದುಹೋಗುವಷ್ಟು ನೋಯುತ್ತಿದ್ದರೂ ಮನಸ್ಸು ಹತ್ತಿಯಷ್ಟು ಹಗುರಾಗಿತ್ತು.

ಹಗುರಾದ ಮನಸ್ಸಿಗೆ ರೆಕ್ಕೆ ಬರಲು ಎಷ್ಟು ಹೊತ್ತು? "ನೋಡಿದ್ರಾ ಭಾವ? ಇದಕ್ಕೇ ನಾನು ಒರೆಸದೆ ಬಿಟ್ಟಿದ್ದು. ಮುಂದಾಲೋಚನೆ!" ಎಂದುಬಿಟ್ಟೆ.

ಉಜ್ಜುವ ಕೈಗಳೆರಡೂ ಥಟ್ಟನೆ ನಿಂತವು. ಅಣ್ಣ ತಂಗಿಯನ್ನು ನೋಡಿದರು, ತಂಗಿ ಅಣ್ಣನನ್ನು ನೋಡಿದಳು. ಭಾವ ಟಾರ್ಚು ಆರಿಸಿ, ಗಂಟಲು ಸರಿಮಾಡಿಕೊಂಡು, ಕಚೇರಿಯ ದನಿಯಲ್ಲಿ ತೀರ್ಪು ಕೊಟ್ಟರು. "ವಾಹನಕ್ಕೆ ಯಾವ ನಷ್ಟವೂ ಆಗಿಲ್ಲ. ನಾಳೆಯೇ ನನ್ನ ತಂಗಿಯ ಹೆಸರಿಗೆ ಮಾಡಿಸಿಕೊಡ್ತೀನಿ. ಆದ್ರೆ ವಾಹನಕ್ಕೆ ಅಪಾಯ ಇನ್ನೂ ತಪ್ಪಿಲ್ಲ. ಅಪಾಯ ಅಲ್ಲೇ ಬಕೆಟ್ಟಿನ ಪಕ್ಕ ನಿಂತಿದೆ."

ಬಕೆಟ್ಟಿನ ಪಕ್ಕ ನಿಂತಿದ್ದವನು ನಾನೊಬ್ಬನೇ.

"ಹಾಗಾದ್ರೆ ಈ ಕೋಟು ಕಾರಿಗೆ ಬೇಡ ಅಣ್ಣ" ಎಂದು ಹೆಂಡತಿ ನೆಲದಿಂದ ಕೆಂಪು ಬಟ್ಟೆ ಎತ್ತಿ ಒದರಿದಳು. "ಇವರಿಗೆ ತೊಡಿಸಿ ಅಡಿಯಲ್ಲಿ ಹೊಲಿದುಬಿಟ್ರೆ ಕಾರು ನೂರು ವರ್ಷ ಬಾಳುತ್ತೆ!"

ಎಷ್ಟೇ ಆದರೂ ನಾನು ದರ್ಜಿ. ಮಾನ ಹೋದರೂ ಅಳತೆ ಬಿಡುವವನಲ್ಲ. "ನನಗೆ ಬರಲ್ಲ ಕಣೇ ಅದು. ಸೊಂಟದಲ್ಲಿ ತುಂಬ ಸಡಿಲ ಆಗುತ್ತೆ" ಎಂದೆ.

"ಪರವಾಗಿಲ್ಲ, ಅಲುಗಾಡದೆ ನಿಂತ್ಕೊಳ್ಳಿ" ಎಂದಳು ಅವಳು. "ಪಿನ್ನಿನ ಡಬ್ಬಿ ತರ್ತೀನಿ."