ಅಣ್ಣನ ಕಾರಿನ ದೀಪ ತಿಕ್ಕಿದ್ದು

ಆಡಬೇಕಾಗಿದ್ದ ಒಂದು ಮಾತನ್ನು ನಾನು ಆಡಲಿಲ್ಲ. ಆಡದ ಮಾತು ಹೊಟ್ಟೆಯೊಳಗೆ ಸುಮ್ಮನೆ ಬಿದ್ದಿರುತ್ತದೆ, ಅದರಿಂದ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ಹಾಗಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ನಮ್ಮಣ್ಣ ವಾರಗಟ್ಟಲೆ ಉಪ್ಪಿಲ್ಲದ ಊಟ ಮಾಡಿದ. ಓದು ಹತ್ತಲಿಲ್ಲ, ತಿಳಿವಳಿಕೆ ಸಾಲಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಿಜ. ಆದರೆ ಸುಳ್ಳು ಹೇಳಬಾರದು ಎಂಬ ಪಾಠ ಎರಡನೇ ಕ್ಲಾಸಿನಲ್ಲೇ ಆಗಿಹೋಗಿತ್ತು.

ನನಗಿದ್ದ ವಿದ್ಯೆ ಒಂದೇ, ಪಾತ್ರೆ ತಿಕ್ಕುವುದು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಹುಣಸೆಹಣ್ಣು, ಒಲೆಯ ಬೂದಿ, ಒಂದು ಹಿಡಿ ತೆಂಗಿನ ಜುಂಗು ಕೊಟ್ಟು ಹಿತ್ತಲಲ್ಲಿ ಕೂರಿಸಿದರೆ ಮುತ್ತಜ್ಜನ ಕಾಲದ ಹಂಡೆಯನ್ನೂ ಮದುಮಗಳ ಹಾಗೆ ಎಬ್ಬಿಸಿ ನಿಲ್ಲಿಸುತ್ತಿದ್ದೆ. ಕರೆ ಹೋದ ಮೇಲೂ ಕೈ ನಿಲ್ಲುತ್ತಿರಲಿಲ್ಲ, ಅದೇ ನನ್ನ ಕಾಯಿಲೆ. ಒಂದು ಹಬ್ಬದ ಮುಂಚೆ ಪಕ್ಕದ ಮನೆಯವರ ಚೊಂಬು ತಿಕ್ಕಿಕೊಟ್ಟಾಗ, ಅದರ ಮೇಲೆ ಕೆತ್ತಿಸಿದ್ದ ಆ ಮನೆಯ ಯಜಮಾನರ ಹೆಸರು ಅರ್ಧ ಅಳಿಸಿಹೋಗಿತ್ತು. "ಗೌರಿ ಕೈಗೆ ಕೊಟ್ರೆ ಗಂಡನ ಹೆಸರೂ ಉಳಿಯಾಕಿಲ್ಲ ಕಣ್ರೇ" ಎಂದು ಆ ಮನೆಯ ಯಜಮಾನಿ ನಲ್ಲಿಯ ಹತ್ತಿರ ಹೇಳಿಕೊಂಡು ನಕ್ಕಿದ್ದರಂತೆ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ನಮ್ಮಣ್ಣ ತಿಪ್ಪೇಶಣ್ಣ ಹೊಸದುರ್ಗದಲ್ಲಿ ಬಾಡಿಗೆ ಕಾರು ಇಟ್ಟಿದ್ದ. ಎಪ್ಪತ್ತರ ದಶಕದ ಮಾತು. ಆಗ ನಮ್ಮ ಕಡೆ ಮದುಮಗ ಕಾರಿನಲ್ಲಿ ಬಂದ ಎಂದರೆ ಮದುವೆ ಮುಗಿದು ಎಷ್ಟೋ ದಿನದವರೆಗೆ ಜನ ಆ ಕಾರಿನ ಮಾತೇ ಆಡುತ್ತಿದ್ದರು. ಅಣ್ಣ ಬೆಳಿಗ್ಗೆ ಎದ್ದವನು ಮೊದಲು ಕಾರಿನ ಮೂತಿ ಸವರಿ ಆಮೇಲೆ ಮುಖ ತೊಳೆಯುತ್ತಿದ್ದ. "ಹಸು ಆಗಿದ್ರೆ ಹಾಲಾದ್ರೂ ಕೊಡ್ತಿತ್ತು" ಎಂದು ಅತ್ತಿಗೆ ಗೊಣಗುವರು. ಆ ಕಾರಿನ ಮುಂದಿನ ದೀಪಗಳ ಗಾಜುಗಳು ವರ್ಷಗಳ ಧೂಳು, ಆವಿ ಕುಡಿದು ಮಬ್ಬಾಗಿ, ಪೊರೆ ಬಂದ ಮುದುಕಿಯ ಕಣ್ಣಿನಂತಾಗಿದ್ದವು.

ಒಂದು ದಿನ ಅಣ್ಣ ಊಟಕ್ಕೆ ಕೂತವನು, "ಗೌರೀ, ನಾಳೆ ಹೊಳಲ್ಕೆರೆಗೆ ಮದುವೆ ದಿಬ್ಬಣ ಐತೆ. ಆ ದೀಪದ ಗಾಜು ಒಂದಿಷ್ಟು ಒರೆಸಿಡವ್ವ. ತಿಕ್ಕಬ್ಯಾಡ, ಒರೆಸು" ಎಂದ.

ಒರೆಸಿದೆ. ಮಬ್ಬು ಹೋಗಲಿಲ್ಲ. ಅದು ಇದ್ದದ್ದು ಗಾಜಿನ ಒಳಮೈಯಲ್ಲಿ. ಅಣ್ಣ ಬಲ್ಬು ಬದಲಾಯಿಸುವುದನ್ನು ನೋಡಿದ್ದೆನಲ್ಲ, ಅದೇ ಧೈರ್ಯದ ಮೇಲೆ ದೀಪದ ಸುತ್ತಿನ ಲೋಹದ ಬಳೆ ಬಿಚ್ಚಿ ಗಾಜು ತೆಗೆದು ಸೀಗೆಪುಡಿಯಲ್ಲಿ ತೊಳೆದೆ. ಎಷ್ಟು ಚೆನ್ನಾಗಿ ಬಂತೆಂದರೆ ಅದರ ಮೂಲಕ ನೋಡಿದರೆ ನಮ್ಮ ಹಿತ್ತಲ ತೆಂಗಿನ ಗರಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಅಲ್ಲಿಗೆ ಕೈ ತೊಳೆದುಕೊಂಡು ಎದ್ದಿದ್ದರೆ ಈ ಕಥೆ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಆದರೆ ಗಾಜಿನ ಹಿಂದೆ ಒಂದು ಬಟ್ಟಲು ಕಾಣಿಸಿತು. ಬೆಳ್ಳಗಿತ್ತು, ಅಲ್ಲಲ್ಲಿ ಚುಕ್ಕೆ ಬಿದ್ದು ಮಂಕಾಗಿತ್ತು. ನನ್ನ ಕಣ್ಣಿಗೆ ಅದು ಕಲಾಯಿ ಸವೆದ ಪಾತ್ರೆಯಂತೆಯೇ ಕಂಡಿತು. ಬಲ್ಬಿನ ಬೆಳಕನ್ನು ಹಿಡಿದು ದಾರಿಗೆ ಚೆಲ್ಲುವುದೇ ಆ ಬಿಳಿ ಲೇಪ ಎಂದು ನನಗೆ ಯಾರು ಹೇಳಿದ್ದರು? ಹುಣಸೆಹಣ್ಣು ತಂದೆ. ಸ್ವಲ್ಪ ತಿಕ್ಕುವಷ್ಟರಲ್ಲಿ ಬಿಳಿಯೆಲ್ಲ ಕೈಗೆ ಬಂತು, ಒಳಗೆ ಅಪ್ಪಟ ಹಿತ್ತಾಳೆ. ನನಗಾದ ಸಂತೋಷ ಏನು ಹೇಳಲಿ. ಹಿತ್ತಾಳೆ ಎಂದ ಮೇಲೆ ನನ್ನನ್ನು ಹಿಡಿಯುವವರುಂಟೆ? ಎರಡೂ ಬಟ್ಟಲುಗಳನ್ನು ದೇವರ ಮನೆಯ ದೀಪದ ಕಂಬದಂತೆ ಹೊಳೆಯಿಸಿ, ಗಾಜು ಮುಚ್ಚಿ ಎದ್ದೆ. ಅಣ್ಣ ಬಂದವನು ಹೊರಗಿನಿಂದ ಗಾಜನ್ನಷ್ಟೇ ನೋಡಿ, "ಹೊಸಾ ಗಾಜು ಆಗೈತಲ್ಲೇ" ಎಂದು ನನ್ನ ತಲೆ ನೇವರಿಸಿದ.

ಮಾರನೆಯ ದಿನ ದಿಬ್ಬಣ ಮುಗಿಸಿ ಬಂದ ಅಣ್ಣ ಪಡಸಾಲೆಯಲ್ಲಿ ಕೂತ. "ಹೊತ್ತು ಮುಳುಗಿದ್ ಮ್ಯಾಲೆ ದಾರಿಯೆಲ್ಲಾ ಹಳದಿ ಕಾಣ್ತು ಗೌರೀ. ಮರ, ಕಲ್ಲು, ಎದುರಿಗೆ ಬರೋ ಎತ್ತು, ಎಲ್ಲಾ ಹಳದಿ. ಕಾಮಾಲೆ ಆಗೈತೇನೋ" ಎಂದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತಲ್ಲ. ಆದರೆ ನನಗೆ ಕಣ್ಣ ಮುಂದೆ ಬಂದದ್ದು ಆ ಎರಡು ಹಿತ್ತಾಳೆ ಬಟ್ಟಲು. ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆ ನೀರು ತಂದರು, ಬಾಯಿ ಮುಚ್ಚಿದೆ.

ಅದಾದರೂ ಹೋಗಲಿ. ಕೆಲವು ದಿನಗಳ ನಂತರ ಚಿಕ್ಕಮ್ಮನ ಮನೆಯಿಂದ ಅಣ್ಣ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತಿದ್ದ. ಸಂಜೆಗತ್ತಲು. ದೀಪ ಹಾಕಿದ. ರಸ್ತೆಯ ಮೇಲೆ ಯಾರೋ ಅರಿಶಿನದ ನೀರು ಚೆಲ್ಲಿದಂತಾಯಿತು. ಅಣ್ಣ ಕಾರು ನಿಲ್ಲಿಸಿ, ನನ್ನ ಕಡೆ ತಿರುಗದೆ ಕೇಳಿದ: "ಖರೇ ಹೇಳವ್ವ, ನಿಂಗೆ ಹೆಂಗೆ ಕಾಣ್ತೈತೆ?"

"ಬೆಳ್ಳಗೇ ಐತಲ್ಲಣ್ಣ" ಎಂದೆ. ಅಷ್ಟಕ್ಕೆ ನಿಲ್ಲಿಸದೆ "ಹಾಲಿನಂಗೆ" ಎಂದೂ ಸೇರಿಸಿದೆ. ತಿಕ್ಕುವಾಗಲೂ ನಾನು ಹೀಗೆಯೇ, ಸಾಕಾದ ಮೇಲೂ ಕೈ ನಿಲ್ಲದು. ಅಣ್ಣ ನಿಟ್ಟುಸಿರು ಬಿಟ್ಟು ಗೇರು ಹಾಕಿದ.

ಆಮೇಲೆ ಶುರುವಾಯಿತು ಪಥ್ಯ. ನಾಟಿ ಔಷಧಿ ಕೊಡುವ ಅಜ್ಜನೊಬ್ಬ ಕಣ್ಣಿನ ರೆಪ್ಪೆ ಎಳೆದು ನೋಡಿ, ಹೊರಗೆ ಹಳದಿ ಇಲ್ಲ, ಹಾಗಾದರೆ ಒಳಗಾಮಾಲೆ ಎಂದ. ದಿನಾ ಕಿರುನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡಬೇಕು, ಉಪ್ಪು, ಖಾರ, ಎಣ್ಣೆ ಮುಟ್ಟಬಾರದು. ಅರೆಯುವವಳು ನಾನೇ. ನುಣ್ಣಗೆ ಅರೆದೆ, ನನಗೆ ಒರಟಾಗಿ ಏನೂ ಮಾಡಲು ಬರುವುದಿಲ್ಲ. ಅಣ್ಣ ಕಣ್ಣು ಮುಚ್ಚಿ ಕುಡಿದು, "ಪಾಪ, ನನ್ನಿಂದ ನಿಂಗೆ ಎಷ್ಟು ಕೆಲ್ಸ" ಎನ್ನುತ್ತಿದ್ದ. ಆ ಮಾತು ಕೇಳಿದ ಮೇಲೆ ನನಗೂ ಉಪ್ಪು ಹಾಕಿಕೊಳ್ಳಲು ಮನಸ್ಸು ಬರದೆ ಸಪ್ಪೆ ಸಾರನ್ನೇ ಉಂಡೆ. "ನೋಡ್ರಿ, ಅಣ್ಣ ಅಂದ್ರೆ ಎಷ್ಟು ಜೀವ" ಎಂದು ಅತ್ತಿಗೆ ಕಣ್ಣೊರೆಸಿಕೊಂಡರು. ಕಡೆಗೆ ಅಣ್ಣ ಚಿತ್ರದುರ್ಗಕ್ಕೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದ. ಕಣ್ಣು ಚೆನ್ನಾಗಿದೆ, ಕಾಮಾಲೆಯೂ ಇಲ್ಲ, ಮನೆಗೆ ಹೋಗಿ ಚೆನ್ನಾಗಿ ಊಟ ಮಾಡು ಎಂದರಂತೆ ಅವರು. ಅಣ್ಣ ಬಂದವನೇ ಕಂಬಕ್ಕೆ ಒರಗಿ, "ಕೈ ಬಿಟ್ರು ಕಣೇ. ಬೇಕಾದ್ದು ಉಣ್ಣು ಅಂತ ಯಾವಾಗ ಹೇಳ್ತಾರೆ ಗೊತ್ತಲ್ಲ" ಎಂದ.

ಆಮೇಲೆ ಅವನು ಸಂಜೆಯ ಬಾಡಿಗೆ ಬಿಟ್ಟ. ಒಂದು ದಿನ ಕಾರಿನ ಮೂತಿ ಸವರದೆ ಮುಖ ತೊಳೆದ. ಹಿರಿಯೂರಿನಿಂದ ಒಬ್ಬರು ಕಾರು ನೋಡಲು ಬರುತ್ತಾರೆ, ಒಪ್ಪಿದರೆ ಕೊಟ್ಟುಬಿಡುವುದು ಎಂದ. ಕಾರು ಹೋಗಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಚಿತ್ರದುರ್ಗದಿಂದ ಹೊಸ ಬಟ್ಟಲು ತಂದು ಹಾಕಿಸಿ ಬಹಳ ವರ್ಷ ಓಡಿಸಿದ. ಆದರೆ ಆ ಸಂಜೆ ನನಗೆ ಅದು ಗೊತ್ತಿರಲಿಲ್ಲ.

ಹಿರಿಯೂರಿನವರು ಕತ್ತಲಾಗುವ ಹೊತ್ತಿಗೆ ಬಂದರು. ಬಾಗಿಲು ತೆಗೆದು ಹಾಕಿ, ಟೈರು ಒದ್ದು ನೋಡಿ, "ಲೈಟು ಹಾಕ್ರಿ ನೋಡಾಣ" ಎಂದರು. ನಮ್ಮ ಸುಣ್ಣದ ಗೋಡೆಯ ಮೇಲೆ ಬೆಳಕು ಬಿತ್ತು.

"ಏನ್ರೀ ತಿಪ್ಪೇಶಪ್ಪ, ಇಷ್ಟೊಂದು ಹಳದಿ ಐತಲ್ರೀ?"

ಅಣ್ಣ ಕಾರಿನಿಂದ ಇಳಿದು ಅವರ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಹೆದರ್ಕಬ್ಯಾಡ್ರಿ. ನಿಮಗೂ ಶುರುವಾಗೈತೆ ಅನ್ಸುತ್ತೆ. ಒಳಗಾಮಾಲೆ. ನಮ್ಮ ತಂಗಿ ಔಷಧಿ ಅರೆದು ಕೊಡ್ತಾಳೆ, ಒಂದು ಲೋಟ ಕುಡ್ದೇ ಹೋಗ್ರಿ" ಎಂದ. ಆ ಮನುಷ್ಯ ಗಾಬರಿಯಾಗಿ ಕಾರಿನ ಕನ್ನಡಿಗೆ ಬಗ್ಗಿ ತಮ್ಮ ರೆಪ್ಪೆ ಎಳೆದು ನೋಡಿಕೊಂಡರು. ಅಷ್ಟರಲ್ಲಿ ಕಾಫಿ ತಂದ ಅತ್ತಿಗೆ ಗೋಡೆ ನೋಡಿ, "ನಂಗೂ ಹಳದಿ ಕಾಣ್ತೈತಲ್ರೀ" ಎಂದರು. ಅಣ್ಣ ಜಗಲಿಯ ಮೇಲೆ ಕುಸಿದ.

"ಮನೆಗೆಲ್ಲಾ ಹತ್ತಿಕ್ಯಂತಲ್ಲೇ" ಎಂದ.

"ಅಲ್ರೀ, ಮೂರು ಜನಕ್ಕೂ ಕಾಯಿಲೆನಾ? ದೀಪಾನೇ ಹಳದಿ ಇರ್ಬೇಕು" ಎಂದರು ಹಿರಿಯೂರಿನವರು, ರೆಪ್ಪೆ ಬಿಡದೆ.

"ಇಲ್ಲ ಬಿಡ್ರಿ. ನಮ್ಮ ಗೌರಿ ನೋಡಿ ಹೇಳ್ಯಾಳೆ, ಹಾಲಿನಂಗೆ ಐತೆ ಅಂತ. ಅವಳು ನನ್ ಹತ್ರ ಸುಳ್ಳು ಹೇಳೋಳಲ್ಲ" ಎಂದ ಅಣ್ಣ. ನನ್ನ ಕಡೆ ನೋಡಲೂ ಇಲ್ಲ. ನೋಡಿ ಖಾತ್ರಿ ಮಾಡಿಕೊಳ್ಳಬೇಕು ಎಂದು ಅವನಿಗೆ ಅನ್ನಿಸಿರಲೇ ಇಲ್ಲ.

ನಾನು ಹೋಗಿ ದೀಪಕ್ಕೆ ಅಡ್ಡ ನಿಂತೆ. ಗೋಡೆಯ ಮೇಲೆ ನನ್ನ ನೆರಳು ನನಗಿಂತ ದೊಡ್ಡದಾಗಿ ನಿಂತಿತು.

"ಅಣ್ಣಾ, ಯಾರ ಕಣ್ಣಿಗೂ ಏನೂ ಆಗಿಲ್ಲ. ದೀಪದ ಒಳಗಿನ ಬಟ್ಟಲು ನಾನೇ ಹುಣಸೆಹಣ್ಣು ಹಾಕಿ ತಿಕ್ಕಿ ಕೆಡಿಸಿದೆ. ನೀನು ಕಾರು ನಿಲ್ಸಿ ಕೇಳಿದ್ಯಲ್ಲ, ಅವತ್ತು ನಂಗೂ ಹಳದೀನೇ ಕಂಡಿತ್ತು. ಕಂಡರೂ ಇಲ್ಲ ಅಂದೆ. ತಪ್ಪಾತಣ್ಣ."