ಖಳನಾಯಕನ ಕೊಲೆಗೊಂದು ಪರ್ಮಿಟ್

ಸೇಫ್ಟಿ ಆಫೀಸರನ ಬಾಳಿನಲ್ಲಿ ಫಜೀತಿಗೆ ರಜೆ ಅನ್ನೋದೇ ಇಲ್ಲ. ದೀಪಾವಳಿ ದಿನ ದೀಪಕ್ಕೂ ಪರದೆಗೂ ನಡುವೆ ಎಷ್ಟು ಅಂತರ ಅಂತ ಟೇಪ್ ಹಿಡಿದು ಅಳೆದವನು ನಾನು. ಮನೆಯಲ್ಲಿ ಅದನ್ನ ಇವತ್ತಿಗೂ ಮರೆತಿಲ್ಲ. ನಾನು ಗದಗದ ಕಡೆಯವ. ಗಲ್ಫಿನ ರಾಸ್ ಲಫಾನಿನ ಒಂದು ಗ್ಯಾಸ್ ಸ್ಥಾವರದಲ್ಲಿ ಹದಿನೇಳು ವರ್ಷದಿಂದ ನನ್ನ ಕೆಲಸ ಅಂದರೆ ಕಂಡವರಿಗೆಲ್ಲ 'ಬ್ಯಾಡ' ಅನ್ನೋದು.

ಅಲ್ಲಿ ಒಂದು ನಟ್ಟು ತಿರುಗಿಸಬೇಕಾದರೂ ಪರ್ಮಿಟ್ ಅನ್ನೋ ಹಾಳೆ ಬೇಕು. ಏನು ಕೆಲಸ, ಎಲ್ಲಿ, ಏನು ಅಪಾಯ, ಎಷ್ಟು ಗಂಟೆವರೆಗೆ ಅಂತ ನಾನು ಬರೆದುಕೊಡ್ತೀನಿ, ಪರ್ಮಿಟ್ ಆಫೀಸರು ಸಹಿ ಹಾಕ್ತಾರೆ. ಹೊತ್ತು ಮೀರಿದರೆ ಇನ್ನೊಂದು ಸಹಿ ಬೇಕು. ಕೆಲಸ ಮುಗಿದ ಮೇಲೆ ಅವರೇ ಮತ್ತೊಂದು ಸಹಿ ಹಾಕಿ ಪರ್ಮಿಟ್ ಮುಚ್ಚಬೇಕು. ಮುಚ್ಚದಿದ್ದರೆ ಆ ಕೆಲಸ ಆಗಿಯೇ ಇಲ್ಲ ಅಂತ ಅರ್ಥ.

ಇಂಥ ನಾನು ಒಂದು ಪಿಸ್ತೂಲು ಕೊಂಡೆ. ಯಾಕೆ ಕೊಂಡೆ ಅನ್ನೋದು ಮೊದಲು ಹೇಳಬೇಕು.

೧. ತಡವಾಗಿ ಬಂದ ಢಂ

ನಮ್ಮ ಕನ್ನಡ ಸಂಘದ ವಾರ್ಷಿಕ ನಾಟಕದಲ್ಲಿ ಹೋದ ವರ್ಷ ನನಗೆ ಇನ್‌ಸ್ಪೆಕ್ಟರ್ ಪಾತ್ರ ಸಿಕ್ಕಿತು. ಹದಿನಾರು ವರ್ಷ ಕುರ್ಚಿ ಹಾಕಿ, ಬ್ಯಾನರ್ ಕಟ್ಟಿದ ಮೇಲೆ ಸಿಕ್ಕ ಪಾತ್ರ. ಕೊನೇ ದೃಶ್ಯದಲ್ಲಿ ಬಂದು, "ನಿನ್ನ ಆಟ ಮುಗೀತು" ಅಂತ ಹೇಳಿ ಕಳ್ಳಸಾಗಣೆದಾರನಿಗೆ ಗುಂಡು ಹೊಡೀಬೇಕು. ಅಷ್ಟೇ.

ಪಿಸ್ತೂಲು ಅಂತ ಮಕ್ಕಳ ಆಟಿಕೆ ಕೊಟ್ಟಿದ್ದರು. ಸಪ್ಪಳಕ್ಕೆ ಪರದೆ ಹಿಂದೆ ಒಬ್ಬರು ನಿಂತು ಉಬ್ಬಿಸಿದ ಕಾಗದದ ಚೀಲ ಒಡೀಬೇಕು. ನಾನು ಒತ್ತಿದೆ. 'ಟಿಕ್' ಅಂತು. ಚೀಲದವರು ಫೋನಿನಲ್ಲಿದ್ದರು. ಕಳ್ಳಸಾಗಣೆದಾರ ಎದೆ ಹಿಡಿದುಕೊಂಡು ಬಿದ್ದ, ಹೊರಳಾಡಿದ, ಸತ್ತ. ಸಭೆಯೆಲ್ಲ ತಣ್ಣಗಾದ ಮೇಲೆ ಪರದೆ ಹಿಂದಿನಿಂದ ಬಾಯಲ್ಲೇ ಒಂದು "ಢಂ" ಬಂತು. ಚೀಲ ಸಿಕ್ಕಿರಲಿಲ್ಲವಂತೆ.

ಅವತ್ತಿನಿಂದ ಅಲ್ ಅಜೀಜಿಯಾ ಬಡಾವಣೆಯ ನಮ್ಮ ಕಟ್ಟಡದ ಮಕ್ಕಳಿಗೆಲ್ಲ ನಾನು ಢಂ ಅಂಕಲ್. ಅದನ್ನಾದರೂ ಸಹಿಸಬಹುದು. ನನ್ನ ಹೆಂಡತಿಯನ್ನ ಯಾರೋ ಹೊಸಬರಿಗೆ ಪರಿಚಯ ಮಾಡಿಕೊಡುವಾಗ "ಇವರು ಢಂ ಅವರ ಮನೆಯವರು" ಅಂದುಬಿಟ್ಟರು. ಆಕೆ ಮನೆಗೆ ಬಂದು ಬ್ಯಾಗ್ ಇಡೋ ಮೊದಲೇ ಹೇಳಿದಳು. "ನೋಡ್ರಿ, ಮುಂದಿನ ವರ್ಷ ನಿಮ್ಮ ಪಿಸ್ತೂಲು ಸಪ್ಪಳ ಮಾಡಬೇಕು. ನಾ ಕಿವಿಯಾರೆ ಕೇಳಬೇಕು. ಇಲ್ಲಾಂದ್ರ ನಾ ಸಂಘದ ಕಡೆ ಹಾಯಂಗಿಲ್ಲ, ನಿಮಗ ಪಾತ್ರಾ ಮಾಡಾಕೂ ಬಿಡಂಗಿಲ್ಲ."

ಹೆಂಡತಿಗೆ 'ಬ್ಯಾಡ' ಅನ್ನೋ ಅಧಿಕಾರ ನನಗೆ ಯಾವ ಕಂಪನಿಯೂ ಕೊಟ್ಟಿಲ್ಲ.

೨. ಬಕೆಟ್ಟು ಕೇಳಿದ ಗಿರಾಕಿಗಳು

ಈ ವರ್ಷವೂ ಅದೇ ನಾಟಕ, ಅದೇ ಪಾತ್ರಗಳು. ಅದರಲ್ಲಿ ಕಳ್ಳಸಾಗಣೆದಾರನಾಗಿ ನನ್ನ ಕೈಯಲ್ಲಿ ಸಾಯೋ ಖಳನಾಯಕರು ಉಳ್ಳಾಲದ ಕಡೆಯವರು, ಬ್ಯಾರಿಗಳು. ಬಹಳ ಒಳ್ಳೆಯ ಮನುಷ್ಯ. ಸ್ಥಾವರದಲ್ಲಿ ನನ್ನ ಹಾಳೆಗಳಿಗೆ ಸಹಿ ಹಾಕೋ ಪರ್ಮಿಟ್ ಆಫೀಸರೂ ಅವರೇ. ಅವರೇ ಬಂದು ಹೇಳಿದರು: "ಮಾರಾಯ್ರೆ, ಊರ ಹೊರಗೆ ಒಂದು ಶೆಡ್ ಉಂಟು. ಅಲ್ಲಿ ಹುಡುಗರು ಗ್ಯಾಸಿನ ಪಿಸ್ತೂಲಲ್ಲಿ ಪ್ಲಾಸ್ಟಿಕ್ ಗುಂಡು ಹೊಡ್ಕೊಂಡು ಆಡ್ತಾರೆ. ಗ್ಯಾಸ್ ತುಂಬಿಸಿ ಒತ್ತಿದ್ರೆ ಮೇಲಿನ ಭಾಗ ಹಿಂದೆ ಹೋಗಿ ಬರ್ತದೆ, ಶಬ್ದ ಕೂಡ ಬರ್ತದೆ. ಗುಂಡು ಹಾಕದೆ ಬರೀ ಗ್ಯಾಸಲ್ಲಿ ಹೊಡೆದ್ರೆ ನನಗೂ ಏನೂ ಆಗುದಿಲ್ಲ."

ಶುಕ್ರವಾರ ಇಬ್ಬರೂ ಹೋದೆವು. ಕೌಂಟರಿನಲ್ಲಿ ಒಬ್ಬ ಮಲಯಾಳಿ ಹುಡುಗ ಕರಿ ಪಿಸ್ತೂಲು ತೆಗೆದಿಟ್ಟ. ಕೈಯಲ್ಲಿ ಹಿಡಿದರೆ ಒಳ್ಳೆ ಭಾರ. ಬೇರೆ ಯಾರಾದರೂ ಆಗಿದ್ದರೆ ಗುರಿ ಹಿಡಿದು ನೋಡುತ್ತಿದ್ದರು. ನಾವು ಇಬ್ಬರೂ ಗ್ಯಾಸಿನ ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆವು.

"ಪ್ರೊಪೇನ್, ನಮ್ಮ ಪ್ಲಾಂಟಿನದ್ದೇ ಗ್ಯಾಸ್" ಅಂದರು ಖಳನಾಯಕರು, ದೂರದಲ್ಲಿ ನೆಂಟರನ್ನ ಕಂಡವರ ದನಿಯಲ್ಲಿ.

ಆಮೇಲೆ ನಾವು ಸುಮ್ಮನೆ ಇರೋದು ಸಾಧ್ಯವೇ ಇರಲಿಲ್ಲ. ಒತ್ತಡ ಎಷ್ಟು ತಡೀತದೆ, ಹೆಚ್ಚಾದರೆ ಹೊರಗೆ ಬಿಡೋ ವಾಲ್ವ್ ಎಲ್ಲಿದೆ, ಸೀಲು ಯಾವ ರಬ್ಬರಿನದು ಅಂತ ಒಂದೊಂದೇ ಕೇಳಿದೆವು. ಹುಡುಗ ಹಿಂದಿಯಲ್ಲಿ, "ಭಾಯ್, ಖಿಲೋನಾ ಹೈ" ಅಂದ.

"ಆಟಿಕೆ ಅಂತ ಗ್ಯಾಸಿಗೆ ಗೊತ್ತಿರ್ತದೇನಪ್ಪ" ಅಂದೆ ನಾನು. ಒಂದು ಬಕೆಟ್ಟು ನೀರು, ಸ್ವಲ್ಪ ಸೋಪು ಕೇಳಿದೆ. ಪಿಸ್ತೂಲಿನ ಹಿಡಿಯೊಳಗೆ ಸಿಕ್ಕಿಸೋ, ಗ್ಯಾಸ್ ತುಂಬಿದ ಮ್ಯಾಗಜೀನಿಗೆ ಸೋಪಿನ ನೀರು ಸವರಿ, ಕನ್ನಡಕ ಏರಿಸಿ ಕೂತೆವು. ಒಂದು ಗುಳ್ಳೆ ಬಂತು, ಸಾಸಿವೆಯಷ್ಟು. ನಾನು ಹದಿನೇಳು ವರ್ಷದ ಅಭ್ಯಾಸದಿಂದ ಎದ್ದು ನಿಂತು, "ಎಲ್ಲಾರೂ ಹೊರಗ ನಡೀರಿ, ಯಲ್ಲಾ ಯಲ್ಲಾ" ಅಂದುಬಿಟ್ಟೆ. ನನ್ನ ದನಿ ಕೇಳಿ ಒಳಗೆ ಆಡುತ್ತಿದ್ದ ಹುಡುಗರು, ಚಹಾ ಕುಡಿಯುತ್ತಿದ್ದ ಇಬ್ಬರು, ಶೌಚಾಲಯದಲ್ಲಿದ್ದ ಒಬ್ಬರು, ಎಲ್ಲರೂ ಬಿಸಿಲಿಗೆ ಬಂದು ನಿಂತರು. ಖಳನಾಯಕರು ತಲೆ ಎಣಿಸಿದರು.

ಹೊರಗೆ ಬಂದು ನೋಡಿದರೆ ಪಿಸ್ತೂಲು ಒಳಗಿದೆ, ಮ್ಯಾಗಜೀನು ನನ್ನ ಕೈಯಲ್ಲೇ ಇದೆ. ಸೋರುತ್ತಿದ್ದದ್ದನ್ನ ಜನರ ನಡುವೆ ನಾನೇ ಹೊತ್ತು ತಂದಿದ್ದೆ.

೩. ಚಹಾ ಕುಡಿದ ಪಿಸ್ತೂಲು

ಬೇರೆ ಮ್ಯಾಗಜೀನು ಕೊಟ್ಟರು. ಗುಳ್ಳೆ ಬರಲಿಲ್ಲ. ಗುರಿಯ ಹಲಗೆ ಮುಂದೆ ನಿಂತು ಹೊಡೆದೆ. ತಗಡಿನ ಶೆಡ್ಡು ನೋಡಿ, 'ಢಾಂ' ಅಂತ ಗೋಡೆಗೋಡೆಗೂ ಬಡಿದು ಬಂತು. ಖರೇ ಹೇಳ್ತೀನಿ, ನನಗೆ ಕಣ್ಣು ತುಂಬಿ ಬಂತು. ಖಳನಾಯಕರು ಖುಷಿಯಿಂದ ಅಲ್ಲೇ ಒಂದು ಸಲ ಬಿದ್ದು ಸತ್ತು ತೋರಿಸಿದರು.

ಆದರೆ ಐದನೇ ಸಲಕ್ಕೆ 'ಡಪ್', ಆರನೇ ಸಲಕ್ಕೆ 'ಪುಸ್'. ಎ.ಸಿ. ಜೋರಾಗಿತ್ತು. ಗ್ಯಾಸ್ ಹೊರಬರುವಾಗ ಮ್ಯಾಗಜೀನು ತಣ್ಣಗಾಗ್ತದೆ, ತಣ್ಣಗಾದರೆ ಒತ್ತಡ ಇಳೀತದೆ. ಇದು ನಮಗೆ ಗೊತ್ತಿಲ್ಲದ್ದಲ್ಲ. ಬಿಸಿ ಮಾಡಬೇಕು, ಆದರೆ ಗ್ಯಾಸಿನ ಹತ್ತಿರ ಬೆಂಕಿ ತರೋ ಹಾಗಿಲ್ಲ. ಇಬ್ಬರೂ ಬಹಳ ಹೊತ್ತು ಚರ್ಚೆ ಮಾಡಿ, ಕರಕ್ ಚಹಾದ ಎರಡು ಲೋಟಗಳ ನಡುವೆ ಮ್ಯಾಗಜೀನು ನಿಲ್ಲಿಸಿ, ಪ್ರತಿ ನಿಮಿಷ ಕೈ ಮುಟ್ಟಿ ನೋಡುತ್ತ, ಒಂದು ಹಾಳೆಯಲ್ಲಿ ಬರೆದುಕೊಂಡೆವು: 'ತಣ್ಣಗೆ, ಪರವಾಗಿಲ್ಲ, ಬೆಚ್ಚಗೆ, ಸಾಕು.'

ಮತ್ತೆ 'ಢಾಂ' ಬಂತು. ಕೌಂಟರಿನ ಹುಡುಗ ನಮ್ಮನ್ನೇ ನೋಡುತ್ತಿದ್ದ. "ಇಷ್ಟು ವರ್ಷದಲ್ಲಿ ಗುರಿ ಹಲಗೆ ಕಡೆ ಒಂದು ಸಲಾನೂ ನೋಡದ ಗಿರಾಕಿ ನೀವೇ" ಅಂದ. ಹೌದಲ್ಲ, ಗುಂಡು ಹಾಕಿದ್ದರೆ ತಾನೇ ಹಲಗೆಗೆ ತಾಗೋದು.

೪. ಹಾಸ್ಟೆಲ್ಲಿಗೆ ಹಾಕಿದ ಪಿಸ್ತೂಲು

ಕೊಂಡೆವು. ರಸೀದಿ ಕಿಸೆಗೆ ಹಾಕಿಕೊಂಡು ಪೆಟ್ಟಿಗೆಗೆ ಕೈ ಚಾಚಿದೆ. ಹುಡುಗ ಪೆಟ್ಟಿಗೆ ಹಿಂದಕ್ಕೆ ಎಳೆದುಕೊಂಡ. "ಮಾಫಿ, ಇಲ್ಲ ಸಾರ್. ಹೊರಗೆ ಒಯ್ಯೋ ಹಾಗಿಲ್ಲ. ಇಲ್ಲೇ ಲಾಕರಿನಲ್ಲಿ ಇರ್ತದೆ. ಇದು ಇಲ್ಲಿನ ನಿಯಮ, ಗೋಡೆ ಮೇಲೆ ಬರೆದಿದೆ."

ಗೋಡೆ ನೋಡಿದೆ. ದೊಡ್ಡ ಅಕ್ಷರದಲ್ಲಿ, ಮೂರು ಭಾಷೆಯಲ್ಲಿ ಬರೆದಿತ್ತು. ಡಬ್ಬಿ ಹಿಂದಿನ ಸಣ್ಣ ಅಕ್ಷರ ಓದಿದವರು ಅದನ್ನ ಓದಿರಲಿಲ್ಲ.

"ಹಂಗಾದ್ರ ಇದು ನಂದು ಹೆಂಗಪಾ?"

"ನಿಮ್ಮದೇ ಸಾರ್. ಯಾವಾಗ ಬೇಕಾದ್ರೂ ಬಂದು ನೋಡಿಕೊಂಡು ಹೋಗಿ."

ನಿಯಮ ಅಂದ ಮೇಲೆ ನಾನು ವಾದ ಮಾಡುವವನಲ್ಲ. ಮನೆಗೆ ಬರಿಗೈಯಲ್ಲಿ ಬಂದು ಹೆಂಡತಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯೋದು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. "ಒಟ್ಟ ಅದನ್ನ ಹಾಸ್ಟೆಲ್ಲಿಗೆ ಹಾಕಿ ಬಂದ್ರಿ ಅನ್ರಿ" ಅಂದಳು. ಮುಂದಿನ ಶುಕ್ರವಾರ ನಾನು ಹೊರಡುವಾಗ, "ಉಪ್ಪಿಟ್ಟು ಕಟ್ಟಿಕೊಡ್ಲೇನ್ರಿ ಅದಕ್ಕ?" ಅಂತ ಕೇಳಿದಳು.

ನಾಟಕಕ್ಕೆ ಇನ್ನು ಮೂರು ವಾರ. ಪಿಸ್ತೂಲು ನಾಟಕಕ್ಕೆ ಬರೋ ಹಾಗಿಲ್ಲ. ಸಂಘದ ಕಮಿಟಿಯಲ್ಲಿ ಈ ಮಾತು ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ಚೀಲ ಒಡೆಯುವವರು ಹಿಂದಿನ ಸಾಲಿನಲ್ಲಿ ಗಂಟಲು ಸರಿಮಾಡಿಕೊಂಡದ್ದು ನನಗೆ ಕೇಳಿಸಿತು. ಆಗ ಖಳನಾಯಕರು ಎದ್ದು ನಿಂತರು.

"ಪಿಸ್ತೂಲು ಹೊರಗೆ ಬರುದಿಲ್ಲ ಅಂತ ನಿಯಮ. ನಾಟಕ ಒಳಗೆ ಹೋಗುದಿಲ್ಲ ಅಂತ ಎಲ್ಲಿ ಉಂಟು?"

ಗೋಡೆಯನ್ನ ಮತ್ತೆ ಓದಿ ಬಂದೆವು. ಎಲ್ಲೂ ಇರಲಿಲ್ಲ. ಶೆಡ್ಡಿನ ಮಾಲೀಕರು ಒಪ್ಪಿದರು. ಒಂದೇ ಷರತ್ತು, ಒಳಗೆ ಬಂದವರೆಲ್ಲ ಕಣ್ಣಿಗೆ ದೊಡ್ಡ ಗಾಗಲ್ ಹಾಕಲೇಬೇಕು.

ಹೀಗೆ ಒಂದು ಪಿಸ್ತೂಲನ್ನ ಭೇಟಿಯಾಗಲು ಇಡೀ ಕನ್ನಡ ಸಂಘ ಊರ ಹೊರಗೆ ಹೊರಟಿತು.

೫. ಕೊನೆಯ ದೃಶ್ಯ

ಸಂಜೆ ಆರಕ್ಕೆ ಸಭೆ ತುಂಬಿತು. ಇಳಕಲ್ ಸೀರೆ ಉಟ್ಟವರು, ರೇಷ್ಮೆ ಉಟ್ಟವರು, ಸೂಟು ಹಾಕಿದವರು, ಎಲ್ಲರ ಮುಖದ ಮೇಲೂ ಕರಿ ಗಾಗಲ್. ಯಾರು ಯಾರು ಅಂತ ಗುರುತು ಹತ್ತದೆ, ಮುಖ್ಯ ಅತಿಥಿಗಳಿಗೆ ಹಾಕಬೇಕಾದ ಹಾರವನ್ನ ಸೌಂಡ್ ಸಿಸ್ಟಮ್ಮಿನವರಿಗೆ ಹಾಕಿದರು. ಅವರು ನಮಸ್ಕಾರ ಮಾಡಿ ಸ್ವೀಕರಿಸಿದರು.

ನಾನು ನನ್ನ ಕೆಲಸ ಬಿಟ್ಟಿರಲಿಲ್ಲ. ಹಾಳೆ ಇಲ್ಲದೆ ನನಗೆ ಕೈ ಆಡೋದಿಲ್ಲ. ಪರ್ಮಿಟ್ ಬರೆದಿದ್ದೆ. ಕೆಲಸದ ವಿವರ: ಖಳನಾಯಕನಿಗೆ ಗುಂಡು ಹೊಡೆಯುವುದು, ಒಂದು ಸಲ, ಗುಂಡಿಲ್ಲದೆ. ಸ್ಥಳ: ವೇದಿಕೆಯ ಎಡಭಾಗ. ಅಪಾಯ: ಗ್ಯಾಸು, ಸಪ್ಪಳ, ಬೀಳುವಾಗ ಮೊಣಕಾಲು. ಅವಧಿ: ಸಂಜೆ ಏಳೂವರೆವರೆಗೆ. ಖಳನಾಯಕರು ಮೇಕಪ್ ಹಚ್ಚಿಕೊಳ್ಳುತ್ತಲೇ ಪೂರ್ತಿ ಓದಿ ಸಹಿ ಹಾಕಿದ್ದರು. ಸಪ್ಪಳದ ಅಪಾಯಕ್ಕೆ ಏನು ವ್ಯವಸ್ಥೆ ಅಂತ ಕೇಳಿದ್ದರು. ಅದಕ್ಕೂ ವ್ಯವಸ್ಥೆ ಮಾಡಿದ್ದೆ.

ಮುಖ್ಯ ಅತಿಥಿಗಳು ಹಾರ ತಪ್ಪಿದ ಸಿಟ್ಟಿಗೋ ಏನೋ, ಭಾಷಣ ಬಹಳ ಉದ್ದ ಮಾಡಿದರು.

ಕೊನೇ ದೃಶ್ಯ ಬಂತು. ಮೊದಲನೇ ಸಾಲಿನಲ್ಲಿ ನನ್ನ ಹೆಂಡತಿ. ಬೆಚ್ಚಗಿನ ಮ್ಯಾಗಜೀನು ಹಾಕಿದ ಪಿಸ್ತೂಲು ಹಿಡಿದು ವೇದಿಕೆಗೆ ನುಗ್ಗಿದೆ. "ನಿನ್ನ ಆಟ ಮುಗೀತು" ಅಂದೆ.

ಖಳನಾಯಕರು ಎದೆ ಮುಂದೆ ಮಾಡಿ ನಿಂತರು. ನಿಂತವರು ಕೈಗಡಿಯಾರ ನೋಡಿಕೊಂಡರು. ಮುಖ ಬದಲಾಯಿತು.

"ಒಂದು ನಿಮಿಷ ಮಾರಾಯ್ರೆ" ಅಂದರು ಮೆಲ್ಲಗೆ. "ಏಳು ನಲವತ್ತು ಆಯ್ತು. ಪರ್ಮಿಟ್ ಮುಗ್ದಿದೆ."

ಬೇರೆ ಯಾವ ಇನ್‌ಸ್ಪೆಕ್ಟರ್ ಆಗಿದ್ದರೂ ಹೊಡೆದುಬಿಡುತ್ತಿದ್ದ. ನನ್ನ ಬೆರಳು ಅಲ್ಲಾಡಲಿಲ್ಲ. ಹದಿನೇಳು ವರ್ಷದಲ್ಲಿ ಅವಧಿ ಮುಗಿದ ಪರ್ಮಿಟ್ಟಿನಲ್ಲಿ ಒಂದು ಬಲ್ಬನ್ನೂ ಬದಲಾಯಿಸಲು ಬಿಟ್ಟವನಲ್ಲ. ಪಿಸ್ತೂಲು ಕೆಳಗಿಳಿಸಿ, ಖಾಕಿ ಕಿಸೆಯಿಂದ ಹಾಳೆ ತೆಗೆದು, ಪೆನ್ನು ಕೊಟ್ಟೆ. ಅವರು ಗಾಗಲ್ ಮೇಲೆ ಓದೋ ಕನ್ನಡಕ ಏರಿಸಿ, ಹಾಳೆಯನ್ನ ದೀಪದ ಕಡೆ ಹಿಡಿದು, ನಿಧಾನವಾಗಿ ಓದಿ, ಎಂಟರವರೆಗೆ ಅಂತ ತಿದ್ದಿ ಸಹಿ ಹಾಕಿದರು. ಸಭೆಯಲ್ಲಿ ಜೋರು ಚಪ್ಪಾಳೆ. ಕಳ್ಳಸಾಗಣೆದಾರ ತಪ್ಪೊಪ್ಪಿಗೆಗೆ ಸಹಿ ಹಾಕಿದ ಅಂತ ತಿಳಿದುಕೊಂಡಿದ್ದರು. ಕೆಲವರು ಗಾಗಲ್ ಎತ್ತಿ ಕಣ್ಣು ಒರೆಸಿಕೊಂಡರು.

ಅವರು ಪೆನ್ನು ವಾಪಸು ಕೊಟ್ಟರು. ನಾನು ಹೊಡೆದೆ.

ಏನು ಸಪ್ಪಳ ಅಂತೀರಿ. ಶೆಡ್ಡಿನ ತಗಡೆಲ್ಲ ಮೊಳಗಿತು. ಜೀವನದಲ್ಲಿ ನಾನು ಇಷ್ಟು ಸಂತೋಷಪಟ್ಟಿದ್ದು ಕಡಿಮೆ. ಖಳನಾಯಕರು ಸುಂದರವಾಗಿ ಬಿದ್ದರು. ನಾನು ಹೆಮ್ಮೆಯಿಂದ ಹೆಂಡತಿ ಕಡೆ ತಿರುಗಿದೆ.

ಆಕೆ ಹಾಗೇ ಕೂತಿದ್ದಳು. ಇಡೀ ಸಭೆ ಹಾಗೇ ಕೂತಿತ್ತು. ಒಬ್ಬರೂ ಬೆಚ್ಚಲಿಲ್ಲ. ಹಿಂದಿನ ಸಾಲಿನಿಂದ ಒಂದು ಮಗು, "ಢಂ ಅಂಕಲ್, ಅಗೇನ್ ನೋ ಸೌಂಡ್" ಅಂತು. ಅದರ ಪಕ್ಕದ ಅಜ್ಜಿಯೊಬ್ಬರು ಎದ್ದು ನಿಂತು ನನ್ನ ಕಡೆಗೇ ಬೆರಳು ತೋರಿಸಿದರು. "ಅಲ್ಲೋ ತಮ್ಮಾ, ಪಾಪ, ಸಹಿ ಹಾಕಿ ತಪ್ಪು ಒಪ್ಪಿಕೊಂಡಿದ್ದ. ಅಂವನ್ನ ಯಾಕ ಕೊಂದಿ?"

ಅಜ್ಜಿ ಮಾತಾಡುತ್ತ ಎರಡೂ ಕಿವಿಯಿಂದ ಹಳದಿ ಬಣ್ಣದ್ದೇನೋ ಕೀಳುತ್ತಿದ್ದರು. ಆಗ ನೆನಪಾಯಿತು. ಸಪ್ಪಳದ ಅಪಾಯಕ್ಕೆ ನಾನು ಮಾಡಿದ್ದ ವ್ಯವಸ್ಥೆ. ಪ್ಲಾಂಟಿನಲ್ಲಿ ಹಾಕಿಕೊಳ್ಳೋ ಇಯರ್ ಪ್ಲಗ್ಗನ್ನ ಒಬ್ಬೊಬ್ಬರಿಗೂ ಒಂದು ಜೊತೆ ನಾನೇ ಹಂಚಿ, ಕೊನೇ ದೃಶ್ಯಕ್ಕೆ ಮುಂಚೆ ಮೈಕಿನಲ್ಲಿ ನಾನೇ ಹೇಳಿ ಹಾಕಿಸಿದ್ದೆ. ಸರಿಯಾಗಿ ಹಾಕಿಕೊಂಡಿದ್ದಾರಾ ಅಂತ ಸಾಲು ಸಾಲಾಗಿ ಓಡಾಡಿ ನೋಡಿದ್ದೂ ನಾನೇ. ಹೆಂಡತಿಯ ಎಡಗಿವಿಯದು ಸಡಿಲ ಇತ್ತು, ಬಗ್ಗಿ ಬಿಗಿ ಮಾಡಿದ್ದೆ.

ಆ ಶೆಡ್ಡಿನಲ್ಲಿ ಕಿವಿ ಬಿಟ್ಟುಕೊಂಡಿದ್ದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ಸತ್ತು ಬಿದ್ದಿದ್ದರು. ಅವರ ಪಕ್ಕ ಮೊಣಕಾಲೂರಿ ಕೂತೆ. "ನೀವಾದ್ರೂ ಹೇಳ್ರೀ ಇವರಿಗೆ, ಸಪ್ಪಳ ಬಂತೋ ಇಲ್ಲೋ?"

ಅವರು ಕಣ್ಣು ತೆರೆಯಲಿಲ್ಲ. "ನಾನು ಸತ್ತಿದ್ದೇನೆ. ಮಾತಾಡ್ಲಿಕ್ಕೆ ಆಗುದಿಲ್ಲ. ಪರ್ಮಿಟ್ ಕೊಡಿ, ಮುಚ್ಚುವ" ಅಂದರು. ಮಲಗಿದಲ್ಲೇ ಕೈ ಎತ್ತಿದರು. ಪೆನ್ನು ಕೊಟ್ಟೆ. ಷರಾ ಕಾಲಮ್ಮಿನಲ್ಲಿ ಬರೆದರು: 'ಕೆಲಸ ತೃಪ್ತಿಕರವಾಗಿ ಮುಗಿದಿದೆ. ಶಬ್ದ ಬಂದಿದೆ.' ಸಹಿ ಹಾಕಿ, ಹೊತ್ತು ಬರೆದು, ಕೈ ಕೆಳಗಿಟ್ಟರು.

ಆ ಹಾಳೆಗೆ ಕಟ್ಟು ಹಾಕಿಸಿ ನಮ್ಮ ಹಾಲಿನಲ್ಲಿ ತೂಗುಹಾಕಿದ್ದೀನಿ. ಬಂದವರಿಗೆಲ್ಲ ತೋರಿಸ್ತೀನಿ. ಅವತ್ತು ಮೊಳೆ ಹೊಡೆಯುವಾಗ ಹೆಂಡತಿ ಹಿಂದೆ ನಿಂತು ಅಕ್ಷರ ಅಕ್ಷರ ಓದಿದಳು.

"ಎಲ್ಲಾ ಖರೇರಿ" ಅಂದಳು. "ಆದ್ರ ಈ ಸಹಿ ನಡಿಯಂಗಿಲ್ಲ. ಹಾಕುವಾಗ ಅಂವರು ಸತ್ತಿದ್ರು."