ಗ್ರೈಂಡರಿನಿಂದ ಹೊರಟ ಬಂಗುಡೆಗಳು

ಕೆಟ್ಟ ವಸ್ತುವನ್ನು ರಿಪೇರಿ ಮಾಡುವುದಕ್ಕಿಂತ, ಅದರ ಮುಂದೆ ಕೂತು ಗಂಭೀರವಾಗಿ ತಲೆಯಾಡಿಸುವುದು ಬಹಳ ಸುಲಭ. ಇಂಜಿನಿಯರ್ ಎನ್ನಿಸಿಕೊಂಡವನು ಹಾಗೆ ಮಾಡಿದರೆ ಮನೆಯವರು ನಂಬಿಯೂ ಬಿಡುತ್ತಾರೆ. ಒಮಾನಿನ ಅಲ್ ಅಜೈಬಾದ ನಮ್ಮ ಫ್ಲ್ಯಾಟಿನಲ್ಲಿ ಈ ವಿದ್ಯೆಯಿಂದ ನಾನು ಎರಡು ವರ್ಷ ಸುಖವಾಗಿದ್ದೆ. ಹೆಂಡತಿ ಶೋಭಾ ಮಂಗಳೂರಿನಿಂದ ಕೂಸಿನಂತೆ ಹೊತ್ತು ತಂದಿದ್ದ ಗ್ರೈಂಡರ್ ಒಂದು ದಿನ ತಿರುಗದೆ ನಿಂತಾಗ, ಬಿಚ್ಚಿ ನೋಡಲು ಸೋಮಾರಿತನವಾಗಿ, "ಮೋಟಾರ್ ಸುಟ್ಟಿದೆ, ಇದರ ಪಾರ್ಟು ಒಮಾನಿನಲ್ಲಿ ಸಿಗುವುದಿಲ್ಲ" ಎಂದುಬಿಟ್ಟೆ. ಅದು ಬಾಲ್ಕನಿ ಸೇರಿತು. ನಾವು ಪ್ಯಾಕೆಟ್ ಹಿಟ್ಟಿನ ದೋಸೆಗೆ ಇಳಿದೆವು. ಪ್ರತಿ ದೋಸೆ ಮಗುಚುವಾಗಲೂ ಶೋಭಾ ಒಂದು ನಿಟ್ಟುಸಿರು ಬಿಡುತ್ತಿದ್ದಳು. ಎರಡು ವರ್ಷದ ದೋಸೆಗಳೆಂದರೆ ಸಾಕಷ್ಟು ನಿಟ್ಟುಸಿರಾಯಿತು.

ಕಳೆದ ಚಳಿಗಾಲದಲ್ಲಿ ಖುರುಮ್ ಬಡಾವಣೆಯ ಒಂದು ಕಲಾಪ್ರದರ್ಶನದಲ್ಲಿ, ಹಳೆಯ ಸಾಮಾನುಗಳು ಗಿರಗಿರ ತಿರುಗುತ್ತಿದ್ದು, ಪ್ರೊಜೆಕ್ಟರಿನಿಂದ ಅವುಗಳ ಮೇಲೆ ಬಿದ್ದ ಚಿತ್ರಗಳು ಗೋಡೆಯ ತುಂಬ ಓಡಾಡುವುದನ್ನು ಕಂಡೆ. "ಇಟ್ಸ್ ಕೈನೆಟಿಕ್ ಸ್ಕಲ್ಪ್ಚರ್, ಪಪ್ಪಾ" ಎಂದಳು ಒಂಬತ್ತನೇ ಕ್ಲಾಸಿನ ಮಗಳು. ಚಲಿಸುವ ಶಿಲ್ಪವಂತೆ. ಇದು ನನ್ನಿಂದಲೂ ಆದೀತು ಅನ್ನಿಸಿತು. ಕಲೆಯ ವಿಷಯದಲ್ಲಿ ನನಗೆ ಸೋಮಾರಿತನವೇ ಇಲ್ಲ. ಅದನ್ನು ಮಾಡಿ ಎಂದು ಯಾರೂ ಹೇಳಿರುವುದಿಲ್ಲವಲ್ಲ.

ಆಫೀಸಿನವರು ಎಸೆಯಲಿದ್ದ ಪ್ರೊಜೆಕ್ಟರ್ ತಂದೆ. ತಿರುಗುವಂಥದ್ದು ಏನಾದರೂ ಬೇಕೆಂದು ಬಾಲ್ಕನಿಯಲ್ಲಿ ಗ್ರೈಂಡರ್ ಬಿಚ್ಚಿದರೆ, ಮೋಟಾರ್ ಕಲ್ಲುಗುಂಡಿನ ಹಾಗೆ ಗಟ್ಟಿಮುಟ್ಟಾಗಿದೆ. ತುಂಡಾದದ್ದು ಬೆಲ್ಟ್ ಮಾತ್ರ. ಸ್ಪೇರ್ ಪಾರ್ಟ್ಸ್ ಅಂಗಡಿಯ ಗೆಳೆಯ ಹಮೀದ್ ಡ್ರಾಯರಿಗೆ ಕೈಹಾಕಿ ಎರಡೇ ನಿಮಿಷದಲ್ಲಿ ಹೊಸದು ತೆಗೆದುಕೊಟ್ಟ. ರುಬ್ಬುವ ಕಲ್ಲು ತೆಗೆದಿಟ್ಟು ಡ್ರಮ್ಮಿಗೆ ಹಳೆಯ ಸ್ಟೀಲ್ ತಟ್ಟೆ, ಸೌಟು, ಸಿ.ಡಿ.ಗಳನ್ನು ಕಟ್ಟಿದೆ. ಗುರುತು ಹತ್ತಬಾರದೆಂದು ಬುಡಕ್ಕೆ ಕಪ್ಪು ಬಟ್ಟೆ ಸುತ್ತಿದೆ.

ಶುಕ್ರವಾರ ಮಧ್ಯಾಹ್ನ ನಾಲ್ಕು ಮನೆಯವರನ್ನು ಕರೆದು, ಪರದೆ ಎಳೆದು, ತಿರುಗುವ ತಟ್ಟೆಗಳ ಮೇಲೆ ಬಂಗುಡೆ ಮೀನಿನ ಚಿತ್ರ ಬಿಟ್ಟೆ. ಗೋಡೆ, ಸೋಫಾ, ಹಮೀದನ ಬಿಳಿ ಅಂಗಿ, ಎಲ್ಲೆಲ್ಲೂ ಬಂಗುಡೆಗಳು ಈಜಿದವು. ಚಪ್ಪಾಳೆ ಬಿತ್ತು. ಚಲನೆಯ ಸೌಂದರ್ಯದ ಕುರಿತು ನಾಲ್ಕು ಮಾತಾಡಲು ನಾನು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಚಹಾದ ಟ್ರೇ ಹಿಡಿದು ಬಂದ ಶೋಭಾ ಗೋಡೆಯ ಕಡೆ ನೋಡಲೇ ಇಲ್ಲ. ತಲೆ ಓರೆ ಮಾಡಿ ಆಲಿಸುತ್ತ ನಿಂತಳು.

"ಈ ಶಬ್ದ ನಂಗೆ ಗೊತ್ತುಂಟು" ಎಂದಳು. ಟ್ರೇ ಕೆಳಗಿಟ್ಟು ಕಪ್ಪು ಬಟ್ಟೆ ಎತ್ತಿದಳು. "ಮೋಟಾರ್ ಸುಟ್ಟಿದೆ ಅಂತ ಹೇಳಿದ್ದಲ್ವಾ ನೀವು?"

"ಅದು... ಕಲೆಗೆ ಸಾಕಾಗುವಷ್ಟು ಮಾತ್ರ ಉಳಿದಿತ್ತು" ಎಂದೆ.

"ಮೋಟಾರಿಗೆ ಎಂತ ಆಗ್ಲಿಲ್ಲ ಅಕ್ಕ, ಬೆಲ್ಟ್ ಹೋದದ್ದು. ನಾನೇ ಕೊಟ್ಟದ್ದು" ಎಂದ ಹಮೀದ್ ಅಭಿಮಾನದಿಂದ. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ಖಲಾಸ್ ಶೆಟ್ರೆ, ಇನ್ನು ನೀವು ಮಾತಾಡ್ಬೇಡಿ" ಎಂದ.

ಶೋಭಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತಿಥಿಗಳ ಎದುರೇ ತಟ್ಟೆ, ಸೌಟುಗಳನ್ನು ಒಂದೊಂದಾಗಿ ಬಿಚ್ಚಿ, ಡ್ರಮ್ ತೊಳೆಯಲು ಎತ್ತಿಕೊಂಡು ಹೋಗಿ ಉದ್ದು ನೆನೆಹಾಕಿದಳು. ಬಂಗುಡೆಗಳು ಗೋಡೆಯ ಮೇಲೆ ಒಂದೇ ಕಡೆ ಸತ್ತಂತೆ ನಿಂತವು.

ಮರುವಾರ ಬಾಗಿಲು ತೆರೆದರೆ ಪಕ್ಕದ ಮನೆಯ ಲತಕ್ಕ, ಕೈಯಲ್ಲಿ ತಮ್ಮ ಗ್ರೈಂಡರ್. "ಶೆಟ್ರೆ, ನಮ್ಮದನ್ನೂ ನಿಮ್ಮದರ ಹಾಗೇ ಮಾಡಿ ಕೊಡ್ತೀರಾ?"

ಕಡೆಗೂ ಒಬ್ಬರಾದರೂ ನನ್ನ ಕಲೆಯನ್ನು ಗುರುತಿಸಿದರಲ್ಲ ಎಂದು ಎದೆಯುಬ್ಬಿ, "ಯಾವ ಚಿತ್ರ ಬಿಡಲಿ ಲತಕ್ಕ?" ಎಂದೆ.

"ಚಿತ್ರ ಎಲ್ಲ ಬೇಡ ಮಾರಾಯ್ರೆ, ತಿರುಗಿದ್ರೆ ಸಾಕು."